ಅರಿಸಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಅಂಶ ಇಲಿಯ ಖಿನ್ನತೆ ಇಳಿಸಿತು ಅಂತಾರೆ. ಇಲಿಗೆ ಖಿನ್ನತೆ ಆಗಿದ್ದು ಗೊತ್ತಾಗೋದು ಹೇಗೆ?

ಧಾರವಾಡದಲ್ಲಿ ಫಾರ್ಮಸಿ ಓದುವಾಗ ನನಗೂ ಇದೇ ಸಂಶಯ ಇತ್ತು. ಇಲಿಯ ಮನಸ್ಸು ಕೇಳೋಕಾಗಲ್ಲ, ನಡವಳಿಕೆ ಅಳೆಯುತ್ತಾರೆ.

ವಾರಗಟ್ಟಲೆ ಸಣ್ಣ ಸಣ್ಣ ಕಾಟ ಕೊಡುತ್ತಾರೆ: ಒಂದು ದಿನ ಒದ್ದೆ ಹಾಸು, ಮರುದಿನ ಓರೆ ಮಾಡಿಟ್ಟ ಪಂಜರ, ಇನ್ನೊಂದು ರಾತ್ರಿ ಆರಿಸದ ದೀಪ. ಆಮೇಲೆ ಎರಡು ಬಾಟಲಿ ಇಡುತ್ತಾರೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಶೇ. 1ರ ಸಕ್ಕರೆ ನೀರು. ಆರೋಗ್ಯವಾಗಿರುವ ಇಲಿ ಸಿಹಿಗೇ ಬಾಯಿ ಹಾಕುತ್ತದೆ. ಬಳಲಿದ ಇಲಿಗೆ ಆ ಆಸೆಯೇ ಬತ್ತಿರುತ್ತದೆ. ಬಾಟಲಿ ತೂಗಿ ಲೆಕ್ಕ ಹಾಕುತ್ತಾರೆ. ಕರ್ಕ್ಯುಮಿನ್ ಕೊಟ್ಟ ಗುಂಪು ಮತ್ತೆ ಸಿಹಿಯತ್ತ ಹೊರಳಿದರೆ ಗುಣ ಕಂಡಿತು ಎಂದರ್ಥ. ಇಲಿಯನ್ನು ನೀರಿಗೆ ಬಿಟ್ಟು ಅದು ಎಷ್ಟು ಹೊತ್ತು ಈಜದೆ ಸುಮ್ಮನಿರುತ್ತದೆ ಎಂದು ನೋಡುವ 1977ರ ಈಜು ಪರೀಕ್ಷೆಗಿಂತ ನನಗೆ ಇದೇ ಹೆಚ್ಚು ನಂಬಿಕೆ.

ಆದರೆ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ದಯವಿಟ್ಟು ಖಿನ್ನತೆಯ ಮಾತ್ರೆ ಬಿಟ್ಟು ಅರಿಸಿನ ಹಾಲು ನಂಬಬೇಡಿ, ಧಾರವಾಡದ ನಮ್ಮ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಡಾಕ್ಟರನ್ನು ಕಾಣಿ.