ಗಾಲ್ಫ್ ಕಾರ್ಟ್‌ಗೆ ದೊಡ್ಡ ಟೈರ್ ಹಾಕಿಸಬಹುದೇ?

ಹುಲ್ಲುಹಾಸಿನ ಮೇಲೂ ಡಾಂಬರು ದಾರಿಯಲ್ಲೂ ಓಡುವ ಬ್ಯಾಟರಿ ಗಾಲ್ಫ್ ಕಾರ್ಟ್‌ನ ಸವೆದ ಟೈರ್‌ಗಳ ಬದಲು ದೊಡ್ಡ ಟೈರ್ ಹಾಕಿಸಬಹುದೇ ಎಂದು ಕೇಳಿದ್ದೀರಿ. ಮೊದಲು ಹಳೆಯ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ನೋಡಿಕೊಳ್ಳಿ. ಬಹಳಷ್ಟು ಕಾರ್ಟ್‌ಗಳಲ್ಲಿ ಕಾಣಸಿಗುವ 18×8.50-8 ಎಂಬ ಅಳತೆಯಲ್ಲಿ 18 ಎಂಬುದು ಟೈರಿನ ಒಟ್ಟು ಎತ್ತರ, 8.50 ಅದರ ಅಗಲ, ಕೊನೆಯ 8 ರಿಮ್‌ನ ವ್ಯಾಸ, ಎಲ್ಲವೂ ಇಂಚುಗಳಲ್ಲಿ. ರಿಮ್ ಅದೇ ಉಳಿಯುವುದಾದರೆ ಕೊನೆಯ ಅಂಕಿ ಬದಲಾಗುವಂತಿಲ್ಲ.

ಎತ್ತರವನ್ನು 22 ಇಂಚಿಗೆ ಏರಿಸಿದರೆ, ಕಾರ್ಟ್‌ನ ಮೈಯನ್ನು ಎತ್ತರಿಸುವ ಲಿಫ್ಟ್ ಕಿಟ್ ಅಳವಡಿಸದ ಹೊರತು ತಿರುವುಗಳಲ್ಲಿ ಟೈರ್ ವಾಹನದ ಮೈಗೆ ಉಜ್ಜುವುದು ಸಾಮಾನ್ಯ. ಅಲ್ಲದೆ ಚಕ್ರದ ಪ್ರತಿ ಸುತ್ತಿಗೆ ಕ್ರಮಿಸುವ ದೂರ ಸುಮಾರು ಶೇ. 22ರಷ್ಟು ಹೆಚ್ಚುವುದರಿಂದ ಸಮತಟ್ಟಿನಲ್ಲಿ ವೇಗ ಏರಿದರೂ, ಏರುದಾರಿಯಲ್ಲಿ ಎಳೆಯುವ ಬಲ ಕುಗ್ಗಿ, ಮೋಟಾರು ಹೆಚ್ಚು ಕರೆಂಟ್ ಸೆಳೆದು ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಬರಿಯ ಅಂದಕ್ಕಾಗಿ ಇಷ್ಟು ಕಳೆದುಕೊಳ್ಳುವುದು ನನಗೇನೋ ಸರಿಕಾಣದು.

ನಿಮ್ಮ ಬಳಕೆಗೆ ಮೂಲ ಅಳತೆಯ, ಆಳವಿಲ್ಲದ ಗೀರುಗಳುಳ್ಳ ಟೈರ್‌ಗಳೇ ಸಾಕು. ಕೆಸರುನೆಲಕ್ಕೆಂದು ಮಾಡಿದ ದಪ್ಪ ಹಲ್ಲಿನವು ಹುಲ್ಲನ್ನು ಕಿತ್ತುಹಾಕುತ್ತವೆ, ಡಾಂಬರಿನ ಮೇಲೆ ಸದ್ದು ಮಾಡುತ್ತವೆ. ಗಾಳಿಯ ಒತ್ತಡ ಸಾಮಾನ್ಯವಾಗಿ 20 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ. ಕಾರಿನ ಲೆಕ್ಕದಲ್ಲಿ 32 ತುಂಬಿಸಬೇಡಿ.