ಕ್ಯಾಬಿನ್‌ನಿಂದ ಇಳಿಯದೆ ಬಕೆಟ್, ಬ್ರೇಕರ್ ಬದಲಿಸುವ ಕ್ವಿಕ್ ಹಿಚ್ ಹಾಕಿಸಬಹುದಾ?

ಸೀಟಿನಲ್ಲೇ ಕೂತು ಸ್ವಿಚ್ ಒತ್ತಿದರೆ ಬಕೆಟ್ ಬದಲಾಗುತ್ತದೆ, ಇಳಿಯೋ ಕೆಲಸ ತಪ್ಪುತ್ತದೆ, ಹಾಕಿಸಲಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನು ಹೈಡ್ರಾಲಿಕ್ ಹಿಚ್, ಅಂದರೆ ಮೆಷಿನ್ ತೋಳಿನ ತುದಿಯಲ್ಲಿ ಆಯಿಲ್ ಪ್ರೆಷರ್‌ನಿಂದ ಬಕೆಟ್ ಹಿಡಿಯುವ ಕೊಂಡಿ, ಹಾಕಿಸಿದ್ದು ಇದೇ ಆಸೆಗೆ.

ನನ್ನದು 20 ಟನ್ನಿನ ಮಣ್ಣು ಅಗೆಯೋ ಮೆಷಿನ್ (ಎಕ್ಸ್‌ಕವೇಟರ್). ನಮ್ಮ ಕಡೆ ಯಾವ ಕಂಪನಿಯದಾದರೂ ಹಿಟಾಚಿ ಅಂತಲೇ ಕರೆಯುತ್ತೇವೆ. ಗಂಟೆ ಲೆಕ್ಕದ ಬಾಡಿಗೆ. ಸಕಲೇಶಪುರದ ಕಡೆ ಒಂದು ಕಾಫಿ ತೋಟದ ರಸ್ತೆ ಕೆಲಸ ನಡೆಯುತ್ತಿತ್ತು. ಬಂಡೆ ಸಿಕ್ಕರೆ ಬ್ರೇಕರ್, ಒಡೆದ ಕಲ್ಲು ಎತ್ತೋಕೆ ಬಕೆಟ್. ದಿನಕ್ಕೆ ನಾಲ್ಕೈದು ಸಲ ಅದಲು ಬದಲು. ಜುಲೈ ತಿಂಗಳು, ಬೆಳಗ್ಗಿಂದ ಒಂದೇ ಸಮ ಮಳೆ.

ಹೆಲ್ಪರ್ ಹುಡುಗ ಬ್ರೇಕರ್‌ನ ಹೋಸ್ (ಆಯಿಲ್ ಪೈಪ್) ಬಿಚ್ಚಿಕೊಟ್ಟು, ಮೋರಿ ಪೈಪ್ ಕೂರಿಸೋಕೆ ಅಂತ ಪಕ್ಕದ ಚರಂಡಿಗೆ ಇಳಿದ. ನಾನು ಬ್ರೇಕರ್ ಕೆಳಗಿಟ್ಟು ಬಕೆಟ್ ಹಿಡಿದೆ.

ಆ ಹಿಚ್‌ಗೆ ಎರಡು ಹಿಡಿತ. ಮುಂದಿನ ಕೊಕ್ಕೆ ಬಕೆಟ್‌ನ ಒಂದು ಪಿನ್ ಹಿಡಿಯುತ್ತದೆ. ಹಿಂದಿನ ದವಡೆಯನ್ನು ಸಿಲಿಂಡರ್ ತಳ್ಳುತ್ತದೆ, ಅದು ಇನ್ನೊಂದು ಪಿನ್‌ಗೆ ಬಿಗಿಯಾಗಿ ಕೂರಬೇಕು. ಪ್ರೆಷರ್ ಇಳಿದರೂ ದವಡೆ ವಾಪಸ್ ಬರದ ಹಾಗೆ ಕೈಯಿಂದ ತೂರಿಸುವ ಒಂದು ಸೇಫ್ಟಿ ಪಿನ್. ಅವತ್ತು ದವಡೆ ತುಂಬ ಕೆಮ್ಮಣ್ಣು ಮೆತ್ತಿತ್ತು. ಹಿಂದಿನ ಪಿನ್ ಒಳಗೆ ಕೂರಲೇ ಇಲ್ಲ. ಮೇಲಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು.

ಬೀಪ್ ನಿಂತಿತು. ಕೆಂಪು ದೀಪ ಆರಿತು. ಲಾಕ್ ಆಯಿತು ಅಂದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಆ ದೀಪ ಹೇಳುತ್ತಿದ್ದದ್ದು ಸ್ವಿಚ್ ಯಾವ ಕಡೆ ಇದೆ ಅಂತ, ಅಷ್ಟೇ. ದವಡೆಗೆ ಪಿನ್ ಸಿಕ್ಕಿದೆಯಾ ಇಲ್ಲವಾ ಅನ್ನೋದು ದೀಪಕ್ಕೆ ಗೊತ್ತೇ ಆಗುವುದಿಲ್ಲ. ನಾನು ತಿಂಗಳುಗಟ್ಟಲೆ ಆ ದೀಪವನ್ನೇ ನಂಬಿದ್ದೆ. ಸೇಫ್ಟಿ ಪಿನ್ ಸೀಟಿನ ಹಿಂದೆ ಟೂಲ್ ಬಾಕ್ಸಿನಲ್ಲಿತ್ತು. ಪಿನ್ ತೂರಿಸೋಕೆ ಅಂತ ಇಳಿದಿದ್ದರೆ ಮಣ್ಣು ಕಣ್ಣಿಗೆ ಬೀಳುತ್ತಿತ್ತು. ಮೂರು ಮೆಟ್ಟಿಲು, ಹತ್ತು ಹೆಜ್ಜೆ. ಮಳೆಯಲ್ಲಿ ನೆನೆಯಬೇಕಲ್ಲ ಅಂತ ಇಳಿಯಲಿಲ್ಲ.

ಬಕೆಟ್ ಮಡಚಿಕೊಂಡಿದ್ದಾಗ ತನ್ನ ಭಾರಕ್ಕೇ ಕೊಕ್ಕೆಯಲ್ಲಿ ನಿಂತಿತ್ತು. ಚರಂಡಿ ಕಡೆ ತಿರುಗಿಸಿ, ಮಡಚಿದ್ದನ್ನು ಹೊರಕ್ಕೆ ಚಾಚಿದೆ. ಹೆಚ್ಚುಕಮ್ಮಿ 800 ಕೆಜಿ ಬಕೆಟ್ ಕಳಚಿ ಬಿತ್ತು. ಹುಡುಗ "ಅಣ್ಣಾ" ಅಂತ ಕೂಗಿ ಹಾರಿದ. ಪೂರ್ತಿ ಹಾರಲು ಆಗಲಿಲ್ಲ. ಅಂಚು ತಾಗಿದ್ದಕ್ಕೇ ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿಯಿತು. ರಾಡ್ ಹಾಕಿದರು, ಆರು ತಿಂಗಳು ಮಲಗಿದ. ಈಗ ನಡೆಯುತ್ತಾನೆ, ಮಳೆಗಾಲದಲ್ಲಿ ಕುಂಟುತ್ತಾನೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನುತ್ತೇನೆ. ಇಳಿಯೋದು ತಪ್ಪಲಿ ಅಂತ ಹಿಚ್ ಹಾಕಿಸಬೇಡಿ. ಮಾಮೂಲಿ ಹಿಚ್‌ನಲ್ಲಿ ಬ್ರೇಕರ್‌ನ ಹೋಸ್ ಅನ್ನು ಹೇಗೂ ಕೈಯಲ್ಲೇ ಬಿಚ್ಚಬೇಕು, ಅಲ್ವಾ? ಅದೂ ಎಂಜಿನ್ ಆಫ್ ಮಾಡಿ ಪ್ರೆಷರ್ ಪೂರ್ತಿ ಇಳಿಸಿದ ಮೇಲೆ. ಹೋಸ್ ಸೋರುತ್ತಿದೆಯಾ ಅಂತ ಕೈ ಇಟ್ಟು ನೋಡಬೇಡಿ, ರಟ್ಟು ಹಿಡಿಯಿರಿ. ಆ ಪ್ರೆಷರ್‌ಗೆ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ದಿನಕ್ಕೆ ಒಂದೇ ಸಲ ಬದಲಿಸೋದಾದರೆ ಹಿಚ್ಚೇ ಬೇಡ. ಬಕೆಟ್ಟನ್ನು ನೇರವಾಗಿ ಪಿನ್ ಹಾಕಿ ಕೂರಿಸಿ. ಹಿಚ್‌ನ ಭಾರ ಬೇರೆ, ಬಕೆಟ್ ಹಲ್ಲು ದೂರ ಹೋಗಿ ಅಗೆಯೋ ಬಲವೂ ಕಡಿಮೆಯಾಗುತ್ತದೆ. ಪಿನ್‌ಗೆ ಸುತ್ತಿಗೆ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಪಿನ್ ತೂತು ಸರಿಯಾಗಿ ಸೇರಿದೆಯಾ ಅಂತ ಬೆರಳು ಮಾತ್ರ ಹಾಕಬೇಡಿ, ಬೂಮ್ (ಮೆಷಿನ್ ತೋಳು) ಒಂದು ಇಂಚು ಅಲ್ಲಾಡಿದರೆ ಬೆರಳು ಹೋಯಿತು.

ಹಾಕಿಸಲೇಬೇಕು ಅಂದರೆ ವರ್ಕ್‌ಶಾಪಿನಲ್ಲಿ ಅಂದಾಜಿಗೆ ಕಟ್ಟಿದ್ದು ಬೇಡ. ಕ್ವಿಕ್ ಹಿಚ್ ಸುರಕ್ಷತೆಗೆ ಅಂತಲೇ 2016ರ ಐಎಸ್‌ಒ 13031 ಮಾನದಂಡ ಇದೆ, ಅದರ ಪ್ರಕಾರ ಮಾಡಿದ್ದಾ ಅಂತ ಕೇಳಿ ತಗೊಳ್ಳಿ. ನಿಮ್ಮ ಬಕೆಟ್‌ನ ಪಿನ್ ದಪ್ಪ, ಎರಡು ಪಿನ್ ನಡುವಿನ ಅಂತರ ಅಳೆದು ಹೊಂದಿಸಿ.

ಈಗ ನಾನು ಬದಲಿಸುವ ಮುಂಚೆ ದವಡೆಯ ಮಣ್ಣು ಕೆರೆಯುತ್ತೇನೆ. ಹಿಡಿದ ಮೇಲೆ ಬಕೆಟ್ಟನ್ನು ನೆಲದ ಮೇಲಿಟ್ಟು, ಎಂಜಿನ್ ನಿಲ್ಲಿಸಿ ಇಳಿದು, ಎರಡೂ ಪಿನ್ ಕಣ್ಣಾರೆ ನೋಡಿ ಸೇಫ್ಟಿ ಪಿನ್ ಹಾಕುತ್ತೇನೆ. ನೋಡದೆ ಹಾಕಿದರೆ ಉಪಯೋಗ ಇಲ್ಲ. ದವಡೆ ತಪ್ಪಾಗಿ ಕೂತಿದ್ದರೆ ಆ ಪಿನ್ ಅದನ್ನು ತಪ್ಪು ಜಾಗದಲ್ಲೇ ಹಿಡಿದಿಡುತ್ತದೆ. ಆಮೇಲೆ ಮತ್ತೆ ಹತ್ತಿ, ನೆಲದಿಂದ ಒಂದು ಗೇಣು ಎತ್ತಿ, ಬಕೆಟ್ ಮಡಚಿ, ಹೊರಕ್ಕೆ ಚಾಚಿ, ನೆಲಕ್ಕೆ ಒತ್ತಿ ಎಳೆದು ನೋಡುತ್ತೇನೆ. ಅಲ್ಲಿಯವರೆಗೆ ಹತ್ತಿರ ಯಾರೂ ಇರಬಾರದು. ಮೇಸ್ತ್ರಿ ಬೈದರೂ ಸರಿ, ಚರಂಡಿಯಲ್ಲಿ ಜನ ಇದ್ದರೆ ನಾನು ಬೂಮ್ ತಿರುಗಿಸುವುದಿಲ್ಲ.

ನಿಮ್ಮದು ಯಾವ ಮೆಷಿನ್, ದಿನಕ್ಕೆ ಎಷ್ಟು ಸಲ ಬದಲಿಸುತ್ತೀರಿ ಅಂತ ಬರೆಯಿರಿ. ಹಿಚ್ ಈಗಾಗಲೇ ನೋಡಿಟ್ಟಿದ್ದರೆ ಅದರ ದವಡೆಯ ಫೋಟೊ ಒಂದು ಹಾಕಿ.