ಮನೆಗೆ ಸೋಲಾರ್ ಹಾಕಿಸಿದರೆ ಹಾಕಿದ ದುಡ್ಡು ನಿಜವಾಗಿ ವಾಪಸ್ ಬರುತ್ತಾ?

ನೀವು ಕೇಳಿರುವುದು ಇಷ್ಟು: ಚಾವಣಿ ಮೇಲೆ ಸೋಲಾರ್ ಹಾಕಿಸಿದರೆ 7 ವರ್ಷಕ್ಕೆ ಅಸಲು ವಾಪಸ್, ಆಮೇಲೆ 18 ವರ್ಷ ಕರೆಂಟ್ ಪುಕ್ಕಟೆ ಅಂತ ಮಾರುವವರು ಹೇಳುತ್ತಾರೆ, ನಂಬಬಹುದಾ ಅಂತ.

ಅರ್ಧ ನಂಬಿ. ನಮ್ಮ ಮನೆ ಮೇಲೆ ಪ್ಯಾನೆಲ್ ಕೂತು ಒಂಬತ್ತು ವರ್ಷ ಆಯಿತು. ಹಾಕಿದ ದುಡ್ಡು ಬಂದಿದೆ. ಆದರೆ ಹೇಳಿದ್ದಕ್ಕಿಂತ ಒಂದೂವರೆ ವರ್ಷ ತಡವಾಗಿ ಬಂತು. ಪ್ಯಾನೆಲ್‌ನಿಂದ ತಡ ಆಗಿದ್ದಲ್ಲ.

ಪ್ಯಾನೆಲ್ ಗಟ್ಟಿ ವಸ್ತು. ತಿರುಗುವ, ಸವೆಯುವ ಭಾಗ ಅದರಲ್ಲಿ ಯಾವುದೂ ಇಲ್ಲ. ಮೊದಲ ವರ್ಷ ಉತ್ಪಾದನೆ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಆಮೇಲೆ ವರ್ಷಕ್ಕೆ ಸುಮಾರು ಅರ್ಧ ಪರ್ಸೆಂಟ್ ಅಷ್ಟೆ. 25 ವರ್ಷದ ಕೊನೆಗೂ ಮೊದಲಿನ ಶಕ್ತಿಯ ಶೇಕಡ 80ಕ್ಕಿಂತ ಜಾಸ್ತಿ ಉಳಿದಿರುತ್ತದೆ ಅಂತ ಕಂಪನಿಗಳೇ ವಾರಂಟಿ ಕೊಡುತ್ತವೆ. ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ಆಗುವ ಹಾಗೆ ಬದಲಿಸುವ ಪೆಟ್ಟಿಗೆ, ಅಂದರೆ ಇನ್ವರ್ಟರ್, ಹಾಗಲ್ಲ. ಅದರ ಆಯಸ್ಸು ಸಾಮಾನ್ಯವಾಗಿ 10ರಿಂದ 15 ವರ್ಷ. ಅಂದರೆ ಪ್ಯಾನೆಲ್ ಬಾಳುವಷ್ಟು ಕಾಲದಲ್ಲಿ ಒಂದು ಸಲವಾದರೂ ಬದಲಿಸಬೇಕು. ನಮ್ಮದು ಎಂಟನೇ ವರ್ಷಕ್ಕೇ ಕೈಕೊಟ್ಟಿತು. ಅದರ ವಾರಂಟಿ ಐದು ವರ್ಷಕ್ಕೆ ಮುಗಿದಿತ್ತು. ಕೆಂಪು ದೀಪ ಹತ್ತಿಕೊಂಡು ಕೂತಿತು. ಹೊಸದು ಬರೋವರೆಗೆ ಹನ್ನೊಂದು ದಿನ, ಮೋಡವೇ ಇಲ್ಲದ ಆಕಾಶ, ಒಂದು ಯೂನಿಟ್ ಕೂಡ ಇಲ್ಲ. ಮೇಲೆ ನೋಡಿದರೆ ಪ್ಯಾನೆಲ್‌ಗಳು ಥಳಥಳ ಹೊಳೆಯುತ್ತಿದ್ದವು. ತುಂಬಾ ಹೊಟ್ಟೆ ಉರಿಯಿತು.

ಈಗ ಲೆಕ್ಕಕ್ಕೆ ಬರೋಣ. ಒಟ್ಟು ಖರ್ಚನ್ನು 100 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಬಿಲ್‌ನಲ್ಲಿ 14 ಉಳಿಯುತ್ತದೆ ಅಂದರೆ ಏಳು ವರ್ಷ. ಮಾರುವವರು ಹಾಕುವ ಲೆಕ್ಕ ಇದೇ. ತೊಳೆಯೋದು, ಸಣ್ಣಪುಟ್ಟ ರಿಪೇರಿ ಅಂತ ವರ್ಷಕ್ಕೆ 1 ತೆಗೆಯಿರಿ, ಏಳು ಮುಕ್ಕಾಲು ವರ್ಷ ಆಯಿತು. ಇನ್ವರ್ಟರ್‌ಗೆ ಅಂತ ಒಂದು ಸಲ 12 ತೆಗೆದಿಡಿ, ವರ್ಷಕ್ಕೆ ಅರ್ಧ ಪರ್ಸೆಂಟ್ ಇಳಿಕೆಯನ್ನೂ ಸೇರಿಸಿ. ಇಷ್ಟೆಲ್ಲ ಕಳೆದ ಮೇಲೂ 25 ವರ್ಷಕ್ಕೆ 290ರ ಹತ್ತಿರ ಕೈಗೆ ಬರುತ್ತದೆ, ಅದೂ ಕರೆಂಟ್ ದರ ಒಂದು ಪೈಸೆಯೂ ಏರದಿದ್ದರೆ. ದರ ಏರಿದಷ್ಟೂ ನಿಮಗೆ ಉಳಿತಾಯ ಜಾಸ್ತಿ. ಹಾಗಾಗಿ ಲಾಭ ಇದೆ, ಅದರಲ್ಲಿ ಅನುಮಾನ ಬೇಡ.

ಆದರೆ ಸಾಲ ಮಾಡಿ ಹಾಕಿಸುತ್ತೀರಾ? ಆಗ ಲೆಕ್ಕವೇ ಬೇರೆ. 100ಕ್ಕೆ 9 ಬಡ್ಡಿ ಅಂದುಕೊಳ್ಳಿ. ಮೊದಲ ವರ್ಷ ಉಳಿದ 13ರಲ್ಲಿ 9 ಬಡ್ಡಿಗೇ ಹೋಗುತ್ತದೆ, ಅಸಲಿಗೆ 4 ಮಾತ್ರ. ಉಳಿತಾಯದಿಂದಲೇ ಸಾಲ ತೀರಬೇಕು ಅಂದರೆ ಹೆಚ್ಚುಕಡಿಮೆ 14 ವರ್ಷ ಬೇಕು. ಅಷ್ಟರಲ್ಲಿ ಇನ್ವರ್ಟರ್ ಖರ್ಚೂ ಬಂದು ನಿಂತಿರುತ್ತದೆ. ದಯವಿಟ್ಟು ಬಡ್ಡಿ ಎಷ್ಟು ಅಂತ ಮೊದಲು ಕೇಳಿ, ಪ್ಯಾನೆಲ್ ಯಾವ ಕಂಪನಿದು ಅಂತ ಆಮೇಲೆ ಕೇಳಿ.

ಇನ್ನು ನನಗೆ ತಡವಾಗಿ ತಿಳಿದ ವಿಷಯ. ಪ್ಯಾನೆಲ್ ಕೊಡುವ ಎಲ್ಲ ಯೂನಿಟ್‌ಗೂ ಒಂದೇ ಬೆಲೆ ಇರುವುದಿಲ್ಲ. ನೀವೇ ಬಳಸಿದ ಯೂನಿಟ್ ಅಂದರೆ ನೀವು ಕೊಂಡುಕೊಳ್ಳದೇ ಉಳಿದ ಯೂನಿಟ್. ಅದಕ್ಕೆ ಪೂರ್ತಿ ದರ. ಬಳಸದೆ ಗ್ರಿಡ್‌ಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ, ಹೋದ ಯೂನಿಟ್‌ಗೆ ಏನು ಸಿಗುತ್ತದೆ ಅನ್ನೋದು ನಿಮ್ಮಲ್ಲಿನ ನಿಯಮ ನೋಡಿಕೊಂಡು. ನೆಟ್ ಮೀಟರಿಂಗ್ ಇದ್ದರೆ ಯೂನಿಟ್‌ಗೆ ಯೂನಿಟ್ ವಜಾ ಆಗುತ್ತದೆ, ಯೋಚನೆ ಇಲ್ಲ. ನೆಟ್ ಬಿಲ್ಲಿಂಗ್ ಆದರೆ ಕಳಿಸಿದ್ದಕ್ಕೆ ಒಂದು ದರ, ತರಿಸಿಕೊಂಡಿದ್ದಕ್ಕೆ ಇನ್ನೊಂದು ದರ. ಕಳಿಸಿದ್ದಕ್ಕೆ ಸಿಗೋದು ಎಷ್ಟೋ ಕಡೆ ಬಹಳ ಕಡಿಮೆ. ಈ ದರದ ಒಪ್ಪಂದ ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ನೋಡಿಕೊಳ್ಳಿ. ಬಿಲ್‌ನಲ್ಲಿರೋ ನಿಗದಿತ ಶುಲ್ಕ ಸೋಲಾರ್ ಹಾಕಿಸಿದರೂ ಸಾಮಾನ್ಯವಾಗಿ ಉಳಿಯುತ್ತದೆ. ‘ಬಿಲ್ ಸೊನ್ನೆ’ ಅನ್ನುವ ಮಾತನ್ನು ನಾನು ನಂಬಲ್ಲ.

ನಮ್ಮ ಮನೆಯಲ್ಲಿ ಮೊದಲ ಎರಡು ವರ್ಷ ಪಂಪು, ವಾಷಿಂಗ್ ಮಷೀನ್, ಇಸ್ತ್ರಿ ಎಲ್ಲ ಬೆಳಗ್ಗೆ ಆರಕ್ಕೆ ಇಲ್ಲವೇ ರಾತ್ರಿ. ಮಧ್ಯಾಹ್ನ ಮನೆ ಖಾಲಿ, ಕರೆಂಟೆಲ್ಲ ಹೊರಗೆ. ಮೂರನೇ ವರ್ಷ ಪಂಪಿಗೂ ವಾಷಿಂಗ್ ಮಷೀನ್‌ಗೂ ಟೈಮರ್ ಹಾಕಿ 11ರಿಂದ 2ರೊಳಗೆ ಓಡುವ ಹಾಗೆ ಮಾಡಿದೆ. ಬೇರೇನೂ ಬದಲಾಯಿಸಲಿಲ್ಲ. ಬಿಲ್ ಇಳಿದದ್ದು ಆಗ. ನಿಮ್ಮ ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರಾ, ಎಲೆಕ್ಟ್ರಿಕ್ ಗಾಡಿ ಇದೆಯಾ ಅಂತ ನಾನಾದರೆ ಮೊದಲು ಕೇಳುತ್ತೇನೆ. ಹಗಲು ಬಳಕೆ ಕಡಿಮೆ, ಕಳಿಸಿದ ಯೂನಿಟ್‌ಗೆ ದರವೂ ಕಡಿಮೆ ಅಂದರೆ ಚಿಕ್ಕದನ್ನೇ ಹಾಕಿಸಿ. ಜಾಗ ಇದೆ ಅಂತ ಚಾವಣಿ ತುಂಬಾ ಹಾಸಬೇಡಿ.

ನೆರಳಿನ ಬಗ್ಗೆಯೂ ಒಂದು ಮಾತು. ನಮ್ಮ ನೀರಿನ ಟ್ಯಾಂಕಿನಿಂದ ಒಂದು ಪೈಪ್ ಮೇಲಕ್ಕೆ ಹೋಗುತ್ತದೆ, ಹೆಬ್ಬೆರಳು ದಪ್ಪ. ಚಳಿಗಾಲದಲ್ಲಿ ಮೂರು ಗಂಟೆ ಆಯಿತು ಅಂದರೆ ಅದರ ನೆರಳು ಒಂದು ಪ್ಯಾನೆಲ್‌ನ ಕೆಳಸಾಲಿನ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತಿತ್ತು. ಇಷ್ಟಕ್ಕೆ ಏನಾಗುತ್ತೆ ಅಂತ ಸುಮ್ನೆ ಬಿಟ್ಟಿದ್ದೆ. ಆದರೆ ಪ್ಯಾನೆಲ್‌ನಲ್ಲಿ ಕರೆಂಟ್ ಮಾಡುವ ಸಣ್ಣ ಸಣ್ಣ ಬಿಲ್ಲೆಗಳು, ಅಂದರೆ ಸೆಲ್‌ಗಳು, ಒಂದರ ಹಿಂದೆ ಒಂದು ಸರಪಳಿ ಹಾಗೆ ಸೇರಿರುತ್ತವೆ. ಒಂದು ಸೆಲ್‌ಗೆ ನೆರಳು ಬಿದ್ದರೆ ಆ ಭಾಗದ ಸೆಲ್‌ಗಳೆಲ್ಲ ಕುಗ್ಗುತ್ತವೆ. ಮೊಬೈಲ್‌ನಲ್ಲಿ ಗ್ರಾಫ್ ನೋಡಿದರೆ ಸರಿಯಾಗಿ ಮೂರು ಗಂಟೆಗೆ ಒಂದು ಗುಳಿ. ಪೈಪ್ ಪಕ್ಕಕ್ಕೆ ಸರಿಸಿದೆ, ಗುಳಿ ಹೋಯಿತು. ಹಾಗೇ, ಬಿರುಬಿಸಿಲಲ್ಲಿ ಬಹಳ ಕರೆಂಟ್ ಬರುತ್ತದೆ ಅಂದುಕೊಳ್ಳಬೇಡಿ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಪ್ಯಾನೆಲ್ 60 ಡಿಗ್ರಿಗೆ ಕಾದರೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಖೋತಾ. ಬಿಸಿಲು ಬೇಕು, ಬಿಸಿ ಬೇಡ.

ಬ್ಯಾಟರಿ ಬೇಕಾ ಅಂದರೆ, ದುಡ್ಡಿನ ಲೆಕ್ಕಕ್ಕೆ ಮಾತ್ರ ನೋಡಿದರೆ ಅವಸರ ಬೇಡ. ಅಸಲು ಬರೋ ಕಾಲ ಹೆಚ್ಚಿನ ಕಡೆ ಹಿಂದಕ್ಕೇ ಹೋಗುತ್ತದೆ. ಕರೆಂಟ್ ಪದೇ ಪದೇ ಹೋಗುತ್ತದೆ ಅಂದರೆ ಬೇರೆ ಮಾತು, ಯಾಕೆಂದರೆ ಬ್ಯಾಟರಿ ಇಲ್ಲದ ಸಾಮಾನ್ಯ ಸಿಸ್ಟಮ್ ಗ್ರಿಡ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು, ಅದಕ್ಕೆ.

‘ಅದೇ ದುಡ್ಡು ಬ್ಯಾಂಕಲ್ಲಿ ಇಟ್ಟರೆ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 100 ಅನ್ನು 7 ಪರ್ಸೆಂಟ್ ಚಕ್ರಬಡ್ಡಿಗೆ ಇಟ್ಟರೆ 25 ವರ್ಷಕ್ಕೆ 540 ಆಗುತ್ತದೆ. ಸೋಲಾರ್‌ನ 290 ಅದರ ಮುಂದೆ ಕಮ್ಮಿ ಅನಿಸುತ್ತದೆ, ಅಲ್ವಾ? ಆದರೆ ಸೋಲಾರ್ ಕೊಡೋದು ಮೊದಲ ವರ್ಷದಿಂದಲೇ ಕಂತು ಕಂತಾಗಿ. ಆ ಉಳಿತಾಯವನ್ನೂ ಅದೇ 7 ಪರ್ಸೆಂಟ್‌ಗೆ ಇಡುತ್ತಾ ಬಂದರೆ 750ರ ಆಸುಪಾಸು ಆಗುತ್ತದೆ. ಇಡುತ್ತಾ ಬಂದರೆ ಮಾತ್ರ. ಬಿಲ್ ಕಡಿಮೆ ಬಂದ ದುಡ್ಡು ಕೈಗೆ ಬಂದ ಹಾಗೆ ಅನಿಸೋದೇ ಇಲ್ಲ, ಮನೆ ಖರ್ಚಲ್ಲಿ ಕರಗಿ ಹೋಗುತ್ತದೆ. ನಾನು ನಾಲ್ಕನೇ ವರ್ಷದಿಂದ ಹಳೇ ಬಿಲ್‌ಗೂ ಹೊಸ ಬಿಲ್‌ಗೂ ಇರೋ ವ್ಯತ್ಯಾಸವನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುತ್ತಿದ್ದೇನೆ. ಎಂಟನೇ ವರ್ಷ ಇನ್ವರ್ಟರ್ ಕೊಂಡಿದ್ದು ಆ ಖಾತೆಯ ದುಡ್ಡಲ್ಲೇ.

ನಿಮ್ಮ ಹತ್ತಿರ ಕೊಟೇಶನ್ ಇದ್ದರೆ ಮೂರು ಅಂಕಿ ಇಲ್ಲಿ ಬರೆಯಿರಿ: ಒಟ್ಟು ಖರ್ಚು, ಮೊದಲ ವರ್ಷ ಎಷ್ಟು ಯೂನಿಟ್ ಅಂತ ಹೇಳಿದ್ದಾರೆ, ಹಗಲು ನೀವು ಬಳಸೋದು ಎಷ್ಟು. ಕೂತು ಲೆಕ್ಕ ಹಾಕಿ ಹೇಳುತ್ತೇನೆ.